ರೊಟ್ಟಿ-ಚಟ್ನಿ ವ್ಯಾಪಾರ ಶುರು ಮಾಡುವವರಿಗೆ: ಮಾರೋದು ಸುಲಭ, ವಸೂಲಿ ಕಷ್ಟ

"ನಿನ್ನ ಕೈರುಚಿ ಎಷ್ಟು ಚೆನ್ನಾಗಿದೆ, ಇದನ್ನೇ ಒಂದು ಬಿಸಿನೆಸ್ ಮಾಡಬಾರದಾ?" ಅಂತ ಕೇಳುವವರು ಎಲ್ಲರ ಬಳಗದಲ್ಲೂ ಇರುತ್ತಾರೆ. ಪಾಪ, ಪ್ರೀತಿಯಿಂದಲೇ ಹೇಳುತ್ತಾರೆ. ನೀವು ನಿಜಕ್ಕೂ ಶುರು ಮಾಡಿದ ಮೇಲೆ ಮೊದಲ ಪ್ಯಾಕೆಟ್ ಬಿಟ್ಟಿ ಕೇಳುವವರೂ ಅವರೇ.

ನಾನೂ ಇದೇ ದಂಧೆಯಲ್ಲಿದ್ದೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹುಬ್ಬಳ್ಳಿ-ಧಾರವಾಡದ ಕಡೆ ಇದು ಹೊಸದೇನಲ್ಲ, ಓಣಿಗೊಂದು ಘಟಕ ಇದೆ. ಕಲಬುರಗಿಯಲ್ಲಿ ಮಹಿಳಾ ಸಂಘಗಳು ಸೇರಿ "ಕಲಬುರಗಿ ರೊಟ್ಟಿ" ಅಂತ ಬ್ರ್ಯಾಂಡನ್ನೇ ಮಾಡಿಕೊಂಡಿವೆ. ಬೆಂಗಳೂರಿನ ಪಿಜಿಯಲ್ಲಿರುವ ನಮ್ಮ ಕಡೆಯ ಹುಡುಗರು ಊರಿನ ರೊಟ್ಟಿ ಸಿಕ್ಕರೆ ಬಿಡುವುದಿಲ್ಲ. ಅಂದರೆ ಬೇಡಿಕೆ ಇದೆ. ಆದರೂ ಘಟಕಗಳು ಮುಚ್ಚುತ್ತಲೇ ಇರುತ್ತವೆ. ನಾನು ಹತ್ತಿರದಿಂದ ನೋಡಿದವುಗಳಲ್ಲಿ ರೊಟ್ಟಿ ಖರ್ಚಾಗದೆ ಮುಚ್ಚಿದ್ದು ಕಡಿಮೆ. ರೊಟ್ಟಿ ಚೆನ್ನಾಗಿ ಹೋಗುತ್ತಿತ್ತು, ದುಡ್ಡು ಮಾತ್ರ ಕೈಗೆ ಬರುತ್ತಿರಲಿಲ್ಲ. ಅದಕ್ಕೇ ಈ ಬರಹದಲ್ಲಿ ರೊಟ್ಟಿ ಬಡಿಯುವುದು ಹೇಗೆ ಅನ್ನುವುದು ಇಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ದುಡ್ಡಿನ ದಾರಿ ಮಾತ್ರ ಇಲ್ಲಿದೆ. ನೀವು ರೊಟ್ಟಿ ಬಿಟ್ಟು ಹಪ್ಪಳ, ಉಪ್ಪಿನಕಾಯಿ, ಟೈಲರಿಂಗ್ ಏನೇ ಮಾಡಿದರೂ ಮುಕ್ಕಾಲು ಪಾಲು ಇದೇ ಲೆಕ್ಕ.

1. ಒಂದು ಪ್ಯಾಕೆಟ್ ಲೆಕ್ಕ ಬರೆಯಿರಿ, ಆಮೇಲೆ ಒಲೆ ಹಚ್ಚಿ

ಹೊಸಬರು ಬೆಲೆ ಹೇಗೆ ಇಡುತ್ತಾರೆ ಗೊತ್ತಾ? ಪಕ್ಕದವರು 90ಕ್ಕೆ ಮಾರುತ್ತಿದ್ದರೆ ತಾವು 85 ಇಡುತ್ತಾರೆ. ಪಕ್ಕದವರಿಗೆ ಸ್ವಂತ ಮನೆ ಇರಬಹುದು, ಅತ್ತಿಗೆ-ನಾದಿನಿಯರು ಸೇರಿ ಬಡಿಯುತ್ತಿರಬಹುದು, ಹೊಲದ ಜೋಳ ಇರಬಹುದು. ಅವರ ಬೆಲೆ ಅವರಿಗೆ ಸರಿ, ನಿಮಗೆ ಅಲ್ಲ.

10 ರೊಟ್ಟಿಯ ಒಂದು ಪ್ಯಾಕೆಟ್ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಅಷ್ಟೇ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಕಿಲೋ ಹಿಟ್ಟಿಗೆ 25 ರೊಟ್ಟಿ ಅಂತ ಹಿಡಿದರೆ 10 ರೊಟ್ಟಿಗೆ 400 ಗ್ರಾಂ, ಕಿಲೋಗೆ 55ರಂತೆ 22 ರೂಪಾಯಿ. ಬಡಿಯುವವರಿಗೆ ರೊಟ್ಟಿಗೆ 2ರಂತೆ 20. ಗ್ಯಾಸಿಗೆ 5. ಕವರ್, ಲೇಬಲ್ 4. ಒಟ್ಟು 51. ಎಂಆರ್‌ಪಿ 90 ಇಟ್ಟು ಅಂಗಡಿಯವನಿಗೆ ಶೇಕಡಾ 20 ಬಿಟ್ಟರೆ ನಿಮ್ಮ ಕೈಗೆ 72. ಅಬ್ಬಾ, ಪ್ಯಾಕೆಟ್ಟಿಗೆ 21 ರೂಪಾಯಿ ಲಾಭ! ಇಲ್ಲಿಗೇ ಪೆನ್ನು ಕೆಳಗಿಟ್ಟು ಜನ ಕೆಲಸ ಶುರು ಮಾಡಿಬಿಡುತ್ತಾರೆ.

ಇನ್ನೂ ಬರೆಯಿರಿ. ಖಡಕ್ ರೊಟ್ಟಿ ಮುರಿಯುತ್ತದೆ. ಪ್ಯಾಕ್ ಮಾಡುವಾಗ ಮುರಿಯುತ್ತದೆ, ಗಾಡಿಯಲ್ಲಿ ಮುರಿಯುತ್ತದೆ, ಅಂಗಡಿಯ ಹುಡುಗ ಅದರ ಮೇಲೆ ಬೇರೆ ಸಾಮಾನು ಇಟ್ಟಾಗ ಮುರಿಯುತ್ತದೆ. ಹಾಗೆ ಮುರಿದು ವಾಪಸ್ ಬರುವುದಕ್ಕೆ 5 ರೂಪಾಯಿ. ತಲುಪಿಸುವ ಪೆಟ್ರೋಲಿಗೆ 4. ಬಾಡಿಗೆ, ಕರೆಂಟು, ನೀರು, ಮೊಬೈಲ್ ಸೇರಿ 5. ನಿಮ್ಮ ಸ್ವಂತ ದುಡಿಮೆಗೆ 6. ಇದು 20 ಆಯಿತು. ಒಟ್ಟು ಖರ್ಚು 71, ಕೈಗೆ ಬರುವುದು 72. ಲಾಭ ಒಂದು ರೂಪಾಯಿ.

ಈ ಲೆಕ್ಕ ನೋಡಿ ಹೆದರಬೇಡಿ, ಇದನ್ನು ನೋಡದೇ ಇರುವುದಕ್ಕೆ ಹೆದರಿ. ನೋಡಿದರೆ ದಾರಿ ಕಾಣುತ್ತದೆ. ಎಂಆರ್‌ಪಿ 100 ಮಾಡಿದರೆ ಕೈಗೆ 80, ಲಾಭ 9. ಅಂಗಡಿ ಬಿಟ್ಟು ನೇರವಾಗಿ ಮನೆಗಳಿಗೆ ಕೊಟ್ಟರೆ ಆ ಶೇಕಡಾ 20 ನಿಮಗೇ ಉಳಿಯುತ್ತದೆ. ಮುರಿದ ರೊಟ್ಟಿಯನ್ನು ಎಸೆಯುವ ಬದಲು "ಒಗ್ಗರಣೆಗೆ ರೊಟ್ಟಿ ಚೂರು" ಅಂತ ಅರ್ಧ ಬೆಲೆಗೆ ಬೇರೆ ಕವರಿನಲ್ಲಿ ಮಾರಬಹುದು. ನಮ್ಮ ಕಡೆ ಮುರಿದ ರೊಟ್ಟಿಗೆ ಒಗ್ಗರಣೆ ಹಾಕಿ ತಿನ್ನುವುದು ಎಲ್ಲರಿಗೂ ಗೊತ್ತು, ಹಾಗಾಗಿ ಅದಕ್ಕೂ ಗಿರಾಕಿ ಸಿಗುತ್ತಾರೆ. ಚಟ್ನಿಪುಡಿಯಲ್ಲಿ ಉಳಿತಾಯ ಜಾಸ್ತಿ, ಮುರಿಯುವ ತಾಪತ್ರಯ ಇಲ್ಲ, ಜಾಗ ಕಮ್ಮಿ. ರೊಟ್ಟಿ ಗಿರಾಕಿಯನ್ನು ಕರೆತರುತ್ತದೆ, ಚಟ್ನಿ ಬಾಡಿಗೆ ಕಟ್ಟುತ್ತದೆ. ಈ ದಂಧೆಯ ಗುಟ್ಟು ಇಷ್ಟೇ.

ಬೆಲೆಯನ್ನು ಶುರುವಿನಲ್ಲೇ ಸರಿಯಾಗಿ ಇಡಿ. "ಮೊದಲು ಕಡಿಮೆಗೆ ಕೊಡೋಣ, ಗಿರಾಕಿ ಹತ್ತಿದ ಮೇಲೆ ಏರಿಸೋಣ" ಅನ್ನುವುದು ಕೇಳೋಕೆ ಚೆನ್ನಾಗಿದೆ. ಏರಿಸುವ ದಿನ ಬಂದಾಗ ಕಡಿಮೆ ಬೆಲೆಗೆಂದೇ ಬಂದಿದ್ದ ಗಿರಾಕಿ ಕಡಿಮೆ ಬೆಲೆಯ ಇನ್ನೊಂದು ಕಡೆ ಹೋಗಿರುತ್ತಾನೆ.

2. ಕಾಗದಪತ್ರ

ಇದು ಬೇಜಾರಿನ ವಿಷಯ, ಬೇಗ ಮುಗಿಸೋಣ. ತಿನ್ನುವ ಪದಾರ್ಥ ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ಮನೆಯ ಅಡುಗೆಮನೆಯಲ್ಲಿ ಮಾಡಿದರೂ ಸರಿ. ಅದರ ಫಾಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಅಲ್ಲಿ ಸಿಗುವ 14 ಅಂಕಿಯ ನಂಬರು ಪ್ಯಾಕೆಟ್ ಮೇಲೆ ಇರಬೇಕು. ಅದರ ಜತೆಗೆ ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ನಿಮ್ಮ ವಿಳಾಸ, ದೂರು ಕೊಡಲು ಫೋನ್ ನಂಬರು. ಶೇಂಗಾ ಇದ್ದರೆ ಅಲರ್ಜಿಯ ಸಾಲನ್ನು ಮರೆಯಬೇಡಿ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಪಂಚಾಯಿತಿ ಅಥವಾ ಪಾಲಿಕೆಯ ಪರವಾನಗಿಯೂ ಬೇಕು. ಲೇಬಲ್ಲನ್ನು ಒಮ್ಮೆಗೇ ಹತ್ತು ಸಾವಿರ ಪ್ರಿಂಟ್ ಹಾಕಿಸಬೇಡಿ. ಮೊದಲ ವರ್ಷ ಏನಾದರೊಂದು ಬದಲಾಗುತ್ತಲೇ ಇರುತ್ತದೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದು, ಅದನ್ನೂ ಮಾಡಿಸಿ. 2020ರ ಜುಲೈ 1ರಿಂದ ಇದು ಇದೆ, ಆಧಾರ್-ಪ್ಯಾನ್ ಇದ್ದರೆ ಸಾಕು, ಸರ್ಕಾರದ ಪೋರ್ಟಲ್‌ನಲ್ಲಿ ಒಂದು ಪೈಸೆಯೂ ಖರ್ಚಿಲ್ಲ. ಥೇಟ್ ಸರ್ಕಾರದ್ದೇ ಅನ್ನಿಸುವ ಖಾಸಗಿ ವೆಬ್‌ಸೈಟುಗಳು ಸಾವಿರಗಟ್ಟಲೆ ಕೇಳುತ್ತವೆ, ಹುಷಾರು. ಈ ನೋಂದಣಿಯ ನಿಜವಾದ ಉಪಯೋಗ ಉದ್ರಿ ವಸೂಲಿಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಹೆಸರು ಉಳಿಸಿಕೊಳ್ಳುವ ಆಸೆ ಇದ್ದರೆ ಟ್ರೇಡ್‌ಮಾರ್ಕ್‌ಗೂ ಅರ್ಜಿ ಹಾಕಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ದೇವರ ಹೆಸರು, ಅಜ್ಜಿಯ ಹೆಸರು ಇಡುವ ಮುಂಚೆ ಅದೇ ಹೆಸರಿನವರು ಎಷ್ಟು ಜನ ಇದ್ದಾರೆ ಅಂತ ಟ್ರೇಡ್‌ಮಾರ್ಕ್ ಸೈಟಿನಲ್ಲಿ ಹುಡುಕಿ ನೋಡಿ.

3. ಸಾಲ ಮಾಡುವ ಮುಂಚೆ, ಯಾವುದಕ್ಕೆ ಅಂತ ಕೇಳಿಕೊಳ್ಳಿ

ಯಂತ್ರಕ್ಕೆ ಮಾಡುವ ಸಾಲ ಬೇರೆ, ದಿನದ ಖರ್ಚಿಗೆ ಮಾಡುವ ಸಾಲ ಬೇರೆ. ರೊಟ್ಟಿ ಯಂತ್ರ, ಪುಡಿ ಮಾಡುವ ಯಂತ್ರ, ಸೀಲಿಂಗ್ ಯಂತ್ರ ವರ್ಷಗಟ್ಟಲೆ ದುಡಿಯುತ್ತವೆ, ಅದಕ್ಕೆ ಕಂತಿನ ಸಾಲ ಸರಿ. ಅಂಗಡಿಯವನು ದುಡ್ಡು ಕೊಡಲಿಲ್ಲ, ಪಗಾರಕ್ಕೆ ಸಾಲ ಮಾಡೋಣ ಅನ್ನುವುದು ಶುರುವಾದರೆ ಅಲ್ಲಿಗೆ ನಿಲ್ಲುವುದಿಲ್ಲ. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಇದಕ್ಕಂತೂ ಆಗಿಬರುವುದೇ ಇಲ್ಲ. ನಿಮಗೆ ದುಡ್ಡು ಬರುವುದು ತಿಂಗಳಿಗೊಮ್ಮೆ, ಕಟ್ಟುವುದು ವಾರಕ್ಕೊಮ್ಮೆ. ಅದನ್ನು ಕಟ್ಟಲು ಇನ್ನೊಂದು ಸಂಘದಿಂದ, ಅದನ್ನು ಕಟ್ಟಲು ಕೈಸಾಲ. ವಸೂಲಿಯವರ ಕಾಟ ಎಲ್ಲಿಗೆ ಮುಟ್ಟಿತ್ತು ಅಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಬ್ಯಾಂಕಿಗೆ ಹೋಗುವುದಾದರೆ ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಹೆಣ್ಣುಮಕ್ಕಳು ರಾಜ್ಯದ ಉದ್ಯೋಗಿನಿ ಯೋಜನೆಯನ್ನೂ ಕೇಳಿ ನೋಡಿ. ಆಹಾರ ಸಂಸ್ಕರಣೆಗೆಂದೇ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಹಾಯಧನ ಶೇಕಡಾ 35, ಕರ್ನಾಟಕ ಸರ್ಕಾರ ಅದರ ಮೇಲೆ 15 ಸೇರಿಸಿ ಒಟ್ಟು 50 ಮಾಡಿತು. ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲೆಯ ಕೃಷಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಒಂದು ಮಾತು ಯಾರೂ ಬಿಡಿಸಿ ಹೇಳುವುದಿಲ್ಲ. ಸಬ್ಸಿಡಿ ಅಂದರೆ ಮೊದಲೇ ಕೈಗೆ ಬರುವ ದುಡ್ಡಲ್ಲ. ನೀವು ಪೂರ್ತಿ ಸಾಲ ತೆಗೆದು ಯಂತ್ರ ಕೊಳ್ಳುತ್ತೀರಿ, ಸಹಾಯಧನ ಬ್ಯಾಂಕಿನ ಬೇರೆ ಖಾತೆಯಲ್ಲಿ ಕೂತಿರುತ್ತದೆ, ಮೂರು ವರ್ಷ ಕಂತು ಸರಿಯಾಗಿ ಕಟ್ಟಿದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಕೈಬಿಟ್ಟರೆ ಅದೂ ಇಲ್ಲ. ಹಾಗಾಗಿ "ಅರ್ಧ ಸಬ್ಸಿಡಿ ಬರುತ್ತದಲ್ಲ" ಅಂತ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ತರಬೇಡಿ. ಗಂಟೆಗೆ ಸಾವಿರ ರೊಟ್ಟಿ ಮಾಡುವ ಯಂತ್ರದ ಜಾಹೀರಾತು ನೋಡಿದಾಗ ಕೇಳಿಕೊಳ್ಳಬೇಕಾದ್ದು ಒಂದೇ: ಆ ಸಾವಿರ ರೊಟ್ಟಿ ಯಾರು ಕೊಳ್ಳುತ್ತಾರೆ, ದುಡ್ಡು ಯಾವತ್ತು ಕೊಡುತ್ತಾರೆ?

ತರಬೇತಿ ಬೇಕಿದ್ದರೆ ದುಡ್ಡು ಸುರಿಯಬೇಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಊಟ-ವಸತಿ ಸಮೇತ ಉಚಿತವಾಗಿ ಕಲಿಸುತ್ತವೆ. ಪ್ಯಾಕಿಂಗ್, ಬಾಳಿಕೆಯ ವಿಷಯಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ಶುಲ್ಕ ಕೊಟ್ಟು ಕಲಿಯುವ ಕೋರ್ಸುಗಳಿವೆ.

4. ಉದ್ರಿ

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ" ಅನ್ನುವ ಗಾದೆ ಹುಟ್ಟಿಸಿದವನು ಖಂಡಿತ ಅಂಗಡಿಗಳಿಗೆ ಮಾಲು ಹಾಕುತ್ತಿದ್ದವನೇ ಇರಬೇಕು.

ಮೊದಲು ಗಾತ್ರ ನೋಡಿ. 20 ಅಂಗಡಿ, ಒಂದೊಂದಕ್ಕೆ ವಾರಕ್ಕೆ 20 ಪ್ಯಾಕೆಟ್, ಪ್ಯಾಕೆಟ್ಟಿಗೆ 72. ವಾರಕ್ಕೆ 28,800. ಎಲ್ಲರೂ ಒಂದು ತಿಂಗಳು ಬಿಟ್ಟು ಕೊಡುತ್ತಾರೆ ಅಂದರೆ ಯಾವತ್ತೂ 1,15,200 ರೂಪಾಯಿ ಹೊರಗಡೆ ಇರುತ್ತದೆ. ಯಾರೂ ಮೋಸ ಮಾಡಿಲ್ಲ, ಎಲ್ಲರೂ ಒಳ್ಳೆಯವರೇ, ಆದರೂ ನಿಮ್ಮ ಒಂದು ಲಕ್ಷಕ್ಕೂ ಜಾಸ್ತಿ ದುಡ್ಡು ಬೇರೆಯವರ ರ‍್ಯಾಕಿನಲ್ಲಿ ಕೂತಿದೆ. ಇತ್ತ ಜೋಳದ ವ್ಯಾಪಾರಿ ನಗದು ಕೇಳುತ್ತಾನೆ, ಬಡಿಯುವವರಿಗೆ ಶನಿವಾರ ಪಗಾರ ಕೊಡಬೇಕು. ವ್ಯಾಪಾರ ದುಪ್ಪಟ್ಟಾದರೆ ಹೊರಗಿರುವ ದುಡ್ಡೂ ದುಪ್ಪಟ್ಟು. "ಆರ್ಡರ್ ಜಾಸ್ತಿ ಆದಷ್ಟೂ ಕೈ ಖಾಲಿ ಯಾಕೆ?" ಅಂತ ಒದ್ದಾಡುವವರಿಗೆ ಉತ್ತರ ಇದೇ.

ಈಗ ಒಬ್ಬ ಕೈ ಎತ್ತಿದ ಅಂದುಕೊಳ್ಳಿ. 20 ಪ್ಯಾಕೆಟ್ಟಿನ ದುಡ್ಡು ಹೋಯಿತು. ನಿಮ್ಮ ಖರ್ಚು 71ರಂತೆ 1,420. ಪ್ಯಾಕೆಟ್ಟಿಗೆ ಒಂದು ರೂಪಾಯಿ ಲಾಭ ಇಟ್ಟುಕೊಂಡವರು ಅದನ್ನು ತುಂಬಲು 1,420 ಪ್ಯಾಕೆಟ್ ಮಾರಬೇಕು. 9 ರೂಪಾಯಿ ಇಟ್ಟುಕೊಂಡವರಿಗೆ 158 ಸಾಕು. ಮೊದಲ ಹೆಜ್ಜೆಯ ಲೆಕ್ಕ ಯಾಕೆ ಅಷ್ಟು ಉದ್ದ ಹೇಳಿದೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಂತ ಉದ್ರಿ ಕೊಡುವುದೇ ಇಲ್ಲ ಅಂದರೆ ನಮ್ಮ ಊರುಗಳಲ್ಲಿ ವ್ಯಾಪಾರ ನಡೆಯುವುದಿಲ್ಲ. ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ಬರೆದುಕೊಂಡ ಅಂಗಡಿಯವನೇ ನಿಮ್ಮ ಹತ್ತಿರ ಉದ್ರಿ ಕೇಳುತ್ತಾನೆ! ಮಾಡಬೇಕಾದ್ದು ಹೀಗೆ.

ಹೊಸ ಅಂಗಡಿಗೆ ಮೊದಲ ಸಲ 5 ಪ್ಯಾಕೆಟ್ ಮಾತ್ರ ಕೊಡಿ, ನಗದಿಗೆ. ಅವನು "20 ಇಟ್ಟು ಹೋಗಿ, ಖರ್ಚಾದ ಮೇಲೆ ಕೊಡ್ತೀನಿ" ಅನ್ನುತ್ತಾನೆ. ಖರ್ಚಾದ ಮೇಲೆ ಅಂದರೆ ಅವನಿಗೆ ಜವಾಬ್ದಾರಿ ಇಲ್ಲ ಅಂತ ಅರ್ಥ, ಹಿಂದೆ ತಳ್ಳಿ ಇಡುತ್ತಾನೆ, ಧೂಳು ಹಿಡಿದ ಮೇಲೆ ವಾಪಸ್ ಕೊಡುತ್ತಾನೆ. ಸ್ವಂತ ದುಡ್ಡು ಹಾಕಿದವನು ಗಲ್ಲಾದ ಪಕ್ಕದಲ್ಲೇ ಇಟ್ಟು ಮಾರುತ್ತಾನೆ.

ನಂಬಿಕೆ ಬಂದ ಮೇಲೆ ಒಂದು ಲೋಡ್ ಉದ್ರಿ. ಹೊಸ ಮಾಲು ಇಡುವಾಗ ಹಳೆಯದರ ದುಡ್ಡು. ಈ ನಿಯಮವನ್ನು ಮೊದಲ ದಿನವೇ ನಗುತ್ತಾ ಹೇಳಿಬಿಡಿ. ಆರು ತಿಂಗಳಾದ ಮೇಲೆ ಹೇಳಲು ಹೋದರೆ ಜಗಳವಾಗುತ್ತದೆ. ವಸೂಲಿಗೆ ಹೋಗುವ ಹೊತ್ತನ್ನೂ ನೋಡಿಕೊಳ್ಳಿ. ಬೋಣಿಗೆ ಆಗುವ ಮುಂಚೆ ದುಡ್ಡು ಕೇಳಿದರೆ ಯಾವ ಅಂಗಡಿಯವನೂ ಕೊಡುವುದಿಲ್ಲ, ಮುಖ ಬೇರೆ ಗಂಟಿಕ್ಕುತ್ತಾನೆ. ಸಂಜೆ ಗಿರಾಕಿ ತುಂಬಿದಾಗಲೂ ಬೇಡ. ಮಧ್ಯಾಹ್ನ ಹನ್ನೆರಡು-ಒಂದರ ನಡುವೆ ಗಲ್ಲಾದಲ್ಲಿ ದುಡ್ಡಿರುತ್ತದೆ, ಮಾತಾಡಲು ಪುರಸೊತ್ತೂ ಇರುತ್ತದೆ. "ಅಣ್ಣಾ, ಹೋದ ಮಂಗಳವಾರದ್ದು 1,440 ಇದೆ" ಅಂತ ತಾರೀಖು, ಮೊತ್ತ ಸಮೇತ ಕೇಳಿ. "ಏನಾದರೂ ಕೊಡ್ರಿ ಅಣ್ಣಾ" ಅಂತ ಕೇಳಿದರೆ 200 ರೂಪಾಯಿ ಕೈಗಿಟ್ಟು ಕಳಿಸುತ್ತಾರೆ.

ಪ್ರತಿ ಸಲ ಎರಡು ಪ್ರತಿಯ ಚೀಟಿ ಮಾಡಿ. ತಾರೀಖು, ಎಷ್ಟು ಪ್ಯಾಕೆಟ್, ವಾಪಸ್ ಎಷ್ಟು, ಬಾಕಿ ಎಷ್ಟು, ಕೆಳಗೆ ಅವರ ಸಹಿ. "ನಮ್ಮ ನಡುವೆ ಸಹಿ ಯಾಕೆ" ಅಂತ ಹೇಳುವವರ ಹತ್ತಿರ ಎರಡು ಸಹಿ ಹಾಕಿಸಿಕೊಳ್ಳಿ. ತಮಾಷೆಗೆ ಹೇಳಿದೆ, ಆದರೆ ಒಂದಾದರೂ ಹಾಕಿಸಿಕೊಳ್ಳಿ. ಅಂಗಡಿಯಲ್ಲಿ ಅಪ್ಪ ಇದ್ದ ದಿನ ಮಾಲು ಇಟ್ಟಿರುತ್ತೀರಿ, ವಸೂಲಿಯ ದಿನ ಮಗ ಕೂತಿರುತ್ತಾನೆ. ಜಗಳ ಬರುವುದೇ ಅಲ್ಲಿ.

ದೊಡ್ಡ ಗಿರಾಕಿಗಳ ಕಥೆ ಬೇರೆ. ಸೂಪರ್‌ಮಾರ್ಕೆಟ್, ಹೋಟೆಲ್, ಕ್ಯಾಂಟೀನ್. ಇವರು ನಗುತ್ತಾ ಮಾತಾಡಿಸುತ್ತಾರೆ, ಕಾಫಿ ಕೊಡುತ್ತಾರೆ, 60 ದಿನ, 90 ದಿನ ಅನ್ನುತ್ತಾರೆ. ಇಲ್ಲಿ ಉದ್ಯಮ್ ನೋಂದಣಿ ಕೆಲಸಕ್ಕೆ ಬರುತ್ತದೆ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಗೆ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಲದ್ದಕ್ಕೆ, 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ: ಈ ಅವಧಿಯೊಳಗೆ ಕೊಡದ ಮೊತ್ತವನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ದೊಡ್ಡ ಕಂಪನಿಯ ಲೆಕ್ಕದವರಿಗೆ ಬಡ್ಡಿಗಿಂತ ಇದರದ್ದೇ ಹೆದರಿಕೆ ಜಾಸ್ತಿ. ಮಾರ್ಚ್ ಹತ್ತಿರ ಬಂದಾಗ ನಿಮ್ಮ ಉದ್ಯಮ್ ನಂಬರು ಹಾಕಿದ ಒಂದು ಇಮೇಲ್ ಕಳಿಸಿ ನೋಡಿ. ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ.

ಅದಕ್ಕೂ ಬಗ್ಗದಿದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಅದು ಇಂಥ ಬಾಕಿಯ ತಕರಾರು ತೀರ್ಮಾನಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಮಾಲು ಕೊಡುವ ಮುಂಚೆಯೇ ನೋಂದಣಿ ಆಗಿರಬೇಕು, ಸಹಿ ಇರುವ ಚೀಟಿಗಳು ಬೇಕು. ಬರೀ ತಂದು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ಇನ್ನು ಓಣಿಯ ಕಿರಾಣಿ ಅಂಗಡಿಯವನ ಮೇಲೆ 1,440 ರೂಪಾಯಿಗೆ ಕೌನ್ಸಿಲ್‌ಗೆ ಹೋಗುತ್ತೇನೆ ಅನ್ನುವುದು ಆಗದ ಮಾತು. ಅವನಿಗೆ ಮಾಲು ನಿಲ್ಲಿಸಿ. ನಿಮ್ಮ ರೊಟ್ಟಿ ಕೇಳಿಕೊಂಡು ಬರುವ ಗಿರಾಕಿಗಳಿದ್ದರೆ ಅವನೇ ಫೋನ್ ಮಾಡುತ್ತಾನೆ.

ಒಬ್ಬನೇ ಗಿರಾಕಿಯ ಮೇಲೆ ಪೂರ್ತಿ ನಿಲ್ಲಬೇಡಿ. ನಿಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಕೊಳ್ಳುತ್ತಿದ್ದರೆ ಬೆಲೆ ಇಡುವವರು ಅವರು, ದುಡ್ಡು ಕೊಡುವ ದಿನ ಹೇಳುವವರೂ ಅವರು. ಆಗ ನೀವು ಮಾಲೀಕರಲ್ಲ, ಪಗಾರ ಇಲ್ಲದ ನೌಕರರು.

5. ಮನೆ ದುಡ್ಡು ಬೇರೆ, ಅಂಗಡಿ ದುಡ್ಡು ಬೇರೆ

ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್. ಇದಕ್ಕೆ ಎರಡು ಕಾರಣ. ಒಂದು ಗೊತ್ತಿರುವುದೇ, ಮಗನ ಫೀಜು ಕಟ್ಟಿದ್ದು, ಜೋಳ ತಂದದ್ದು ಕಲಸಿಹೋದರೆ ಲಾಭವೋ ನಷ್ಟವೋ ದೇವರಿಗೇ ಗೊತ್ತು. ಇನ್ನೊಂದು ಕಾರಣ 2025ರ ಜುಲೈನಲ್ಲಿ ಎಲ್ಲರಿಗೂ ಅರ್ಥವಾಯಿತು. ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ದಾಟಿದವರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರೆಲ್ಲ ಗಾಬರಿಯಾಗಿ ಬೆಂಗಳೂರಿನ ತುಂಬ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಬಿದ್ದವು. ಎಷ್ಟೋ ಜನರ ಖಾತೆಯಲ್ಲಿ ವ್ಯಾಪಾರದ ದುಡ್ಡಿನ ಜತೆ ಕೈಸಾಲ, ಚೀಟಿ ದುಡ್ಡು, ಅಣ್ಣ ಕಳಿಸಿದ್ದು ಎಲ್ಲ ಸೇರಿತ್ತು. ಯಾವುದು ವ್ಯಾಪಾರದ್ದು ಅಂತ ತೋರಿಸಲು ಪುಸ್ತಕ ಇರಲಿಲ್ಲ.

ಜಿಎಸ್‌ಟಿ ವಿಷಯ ಚಿಕ್ಕದಾಗಿ: ಸರಕು ಮಾರುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು, ಸೇವೆಗೆ 20 ಲಕ್ಷ. ಲಾಭ ಅಲ್ಲ, ವಹಿವಾಟು. ಹಪ್ಪಳಕ್ಕೆ ತೆರಿಗೆ ಇಲ್ಲ, ಚಪಾತಿ-ರೊಟ್ಟಿಗೂ 2025ರ ಸೆಪ್ಟೆಂಬರ್ 22ರಿಂದ ಶೂನ್ಯ. ಆದರೆ ಚಟ್ನಿಪುಡಿಗೆ ತೆರಿಗೆ ಇದೆ. ಎರಡನ್ನೂ ಮಾರುವವರು 40 ಲಕ್ಷದ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ರೊಟ್ಟಿಯ ವಹಿವಾಟನ್ನೂ ಸೇರಿಸಬೇಕು. ತುಂಬ ಜನ ತಪ್ಪುವುದು ಇಲ್ಲೇ. ಮಿತಿ ದಾಟಿದರೆ ಸಣ್ಣವರಿಗೆಂದೇ ಇರುವ ಕಾಂಪೋಸಿಷನ್ ಪದ್ಧತಿಯಲ್ಲಿ ವಹಿವಾಟಿನ ಶೇಕಡಾ 1 ಕಟ್ಟಿ ಮುಗಿಸಬಹುದು, ಆದರೆ ಆಗ ಹೊರರಾಜ್ಯಕ್ಕೆ ಮಾರುವಂತಿಲ್ಲ. ಸೊಲ್ಲಾಪುರ, ಪುಣೆ ಕಡೆ ಕಳಿಸುವ ಆಸೆ ಇದ್ದವರು ಇದನ್ನು ಮೊದಲೇ ಯೋಚಿಸಿ.

ಆದಾಯ ತೆರಿಗೆ ರಿಟರ್ನ್ ಕೂಡ ಮೊದಲ ವರ್ಷದಿಂದಲೇ ಹಾಕಿ. ತೆರಿಗೆ ಬರದಿದ್ದರೂ ಸರಿ. ಮೂರು ವರ್ಷದ ರಿಟರ್ನ್ ಇದ್ದವರನ್ನು ಬ್ಯಾಂಕ್ ಮ್ಯಾನೇಜರ್ ಕೂರಿಸಿ ಮಾತಾಡಿಸುತ್ತಾರೆ, ಇಲ್ಲದವರಿಗೆ ನಾಳೆ ಬನ್ನಿ ಅನ್ನುತ್ತಾರೆ.

ಪುಸ್ತಕಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. 200 ಪುಟದ ಒಂದು ನೋಟ್‌ಬುಕ್ ಸಾಕು. ರಾತ್ರಿ ಮಲಗುವ ಮುಂಚೆ ಇವತ್ತು ಬಂದದ್ದು, ಹೋದದ್ದು, ಯಾರ ಹತ್ತಿರ ಎಷ್ಟು ಬಾಕಿ. ಭಾನುವಾರ ಬಾಕಿಯ ಪಟ್ಟಿಯನ್ನು ಹಳೆಯದು ಮೇಲೆ ಬರುವಂತೆ ಹೊಸದಾಗಿ ಬರೆಯಿರಿ. ಹೊಸ ಅಂಗಡಿ ಹುಡುಕುವ ಮುಂಚೆ ಆ ಪಟ್ಟಿಯ ಮೇಲಿನ ಮೂರು ಹೆಸರಿಗೆ ಫೋನ್ ಮಾಡಿ.

6. ಬಡಿಯುವವರು

ರೊಟ್ಟಿ ಬಡಿಯುವ ಕೈ ಸಿಗುವುದು ಈಗ ಕಷ್ಟ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುತ್ತಾರೆ, ಜಾತ್ರೆಗೆ ತವರಿಗೆ ಹೋಗುತ್ತಾರೆ, ಮದುವೆ ಸೀಸನ್ನಿನಲ್ಲಿ ಅಡುಗೆ ಕಾಂಟ್ರಾಕ್ಟರ್ ಜಾಸ್ತಿ ಕೂಲಿಗೆ ಕರೆಯುತ್ತಾನೆ. ನಿಮಗೆ ಆರ್ಡರ್ ಜಾಸ್ತಿ ಇರುವುದೂ ಆಗಲೇ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಪಗಾರವನ್ನು ಹೇಳಿದ ದಿನ ಹೇಳಿದ ಹೊತ್ತಿಗೆ ಕೊಡುವವರ ಹತ್ತಿರ ಜನ ಉಳಿಯುತ್ತಾರೆ, ಅಷ್ಟೇ. ಅಂಗಡಿಯವನು ಕೊಡಲಿಲ್ಲ ಅನ್ನುವುದು ನಿಮ್ಮ ಕಷ್ಟ, ಹೆಂಚಿನ ಮುಂದೆ ಬೆವರು ಸುರಿಸಿದವರದ್ದಲ್ಲ. ಎರಡು ವಾರದ ಪಗಾರವನ್ನು ಬೇರೆ ಎತ್ತಿಟ್ಟಿರಿ, ಏನೇ ಆದರೂ ಅದಕ್ಕೆ ಕೈ ಹಾಕಬೇಡಿ.

ರೊಟ್ಟಿಯ ಲೆಕ್ಕದಲ್ಲಿ ಕೂಲಿ ಕೊಡುವಾಗ ಒಂದು ಸೂಕ್ಷ್ಮ ಇದೆ. ಹಳೆಯ ಹಿಟ್ಟು ತಂದುಕೊಟ್ಟರೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಹರಿಯುತ್ತದೆ, ಅವರಿಗೆ ದಿನಕ್ಕೆ ಆಗುವ ರೊಟ್ಟಿ ಕಡಿಮೆಯಾಗುತ್ತದೆ. ಹಿಟ್ಟಿನಲ್ಲಿ ನೀವು ಉಳಿಸಿದ ಎರಡು ರೂಪಾಯಿ ಅವರ ಕೂಲಿಯಿಂದ ಹೋಗಿರುತ್ತದೆ. ಅದು ಅವರಿಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡಿ.

7. ವರ್ಷದ ಲೆಕ್ಕ

ಹಿಂಗಾರಿ ಬಿಳಿಜೋಳ ಮಾರುಕಟ್ಟೆಗೆ ಬರುವುದು ಫೆಬ್ರುವರಿ-ಮಾರ್ಚ್‌ನಲ್ಲಿ. ನಮ್ಮ ಹಿರಿಯರು ವರ್ಷದ ಜೋಳ ಆಗಲೇ ತುಂಬಿಸುತ್ತಿದ್ದರು. ನಿಮ್ಮ ಕೈಯಲ್ಲಿ ದುಡ್ಡಿದ್ದರೆ ನೀವೂ ಹಾಗೇ ಮಾಡಿ, ಆದರೆ ಒಣಗಿಸಿ, ನುಸಿ ಬೀಳದಂತೆ ಇಡುವ ಜಾಗ ಇದ್ದರೆ ಮಾತ್ರ. ಸಾಲ ಮಾಡಿ ತುಂಬಿಸಿದರೆ ಉಳಿದದ್ದನ್ನು ಬಡ್ಡಿ ತಿನ್ನುತ್ತದೆ.

ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ವಾಪಸ್ ಬರುವುದು ಜಾಸ್ತಿ. ಆಗ ಅಂಗಡಿಗಳಿಗೆ ಕಡಿಮೆ ಇಟ್ಟು ಬೇಗ ಬೇಗ ಹೋಗಿ. ಚಟ್ನಿಯಲ್ಲಿ ಶೇಂಗಾ, ಅಗಸಿಯ ಎಣ್ಣೆಯಂಶ ಇರುವುದರಿಂದ ಹಳೆಯದಾದರೆ ಕಮಟು ವಾಸನೆ ಬರುತ್ತದೆ. ಒಮ್ಮೆ ಅಂಥ ಪ್ಯಾಕೆಟ್ ಒಯ್ದ ಗಿರಾಕಿ ದೂರು ಹೇಳುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾನೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಒಮ್ಮೆಲೇ ಬೇಡಿಕೆ ಬರುತ್ತದೆ. ಹಬ್ಬದ ಆರ್ಡರಿಗೆ ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ, ಸಂಕೋಚ ಬೇಡ. ಹೂವಿನವನಿಗೆ, ಶಾಮಿಯಾನದವನಿಗೆ ಮುಂಗಡ ಕೊಡುವವರು ನಿಮಗೂ ಕೊಡುತ್ತಾರೆ.

8. ನಿಮ್ಮ ಪಗಾರ

ಮೊದಲ ಲೆಕ್ಕದಲ್ಲಿ ನಿಮ್ಮ ದುಡಿಮೆಗೆ 6 ರೂಪಾಯಿ ಬರೆದಿದ್ದೆವಲ್ಲ, ಅದನ್ನು ತಿಂಗಳಿಗೊಮ್ಮೆ ನಿಜವಾಗಿ ಮನೆಯ ಖಾತೆಗೆ ಹಾಕಿಕೊಳ್ಳಿ. ಎಷ್ಟೇ ಚಿಕ್ಕ ಮೊತ್ತ ಆಗಲಿ. "ಎಲ್ಲಾ ಬ್ಯುಸಿನೆಸ್‌ನಲ್ಲೇ ಇದೆ" ಅಂತ ವರ್ಷಗಟ್ಟಲೆ ಹೇಳುತ್ತಾ ಬಂದರೆ ಮನೆಯಲ್ಲಿ ನಂಬುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಹೆಣ್ಣುಮಕ್ಕಳು ನಡೆಸುವ ಘಟಕಗಳಲ್ಲಿ ಇದು ಇನ್ನೂ ಜಾಸ್ತಿ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿವರೆಗೆ ದುಡಿದರೂ ಮನೆಯವರು "ಟೈಮ್‌ಪಾಸ್‌ಗೆ ಏನೋ ಮಾಡ್ತಾಳೆ" ಅನ್ನುತ್ತಾರೆ. ತಿಂಗಳಿಗೊಮ್ಮೆ ಖಾತೆಗೆ ದುಡ್ಡು ಬಿದ್ದ ಮೆಸೇಜ್ ತೋರಿಸಿದರೆ ಆ ಮಾತು ತಾನಾಗಿಯೇ ನಿಲ್ಲುತ್ತದೆ.

9. ನಿಲ್ಲಿಸಬೇಕಾಗಿ ಬಂದರೆ

ಶುಭಕಾರ್ಯದ ನಡುವೆ ಇದೇನು ಅಂತ ಬೈಯಬೇಡಿ. ಶುರು ಮಾಡುವ ದಿನವೇ ಒಂದು ಗೆರೆ ಎಳೆದಿಡಿ: ಇಷ್ಟು ದುಡ್ಡು ಹೋದರೆ, ಅಥವಾ ಸತತವಾಗಿ ಇಷ್ಟು ತಿಂಗಳು ನನ್ನ ಪಗಾರ ಹುಟ್ಟದಿದ್ದರೆ, ಕೂತು ಯೋಚಿಸುತ್ತೇನೆ. ಮನೆ ಮೇಲೆ, ಹೊಲದ ಮೇಲೆ, ಚಿನ್ನದ ಮೇಲೆ ಸಾಲ ತರುವ ಯೋಚನೆ ಬಂತು ಅಂದರೆ ಆ ಗೆರೆ ಮುಟ್ಟಿದ್ದೀರಿ ಅಂತಲೇ ಲೆಕ್ಕ.

ನಿಲ್ಲಿಸುವುದಕ್ಕೂ ಕ್ರಮ ಇದೆ. ಜಿಎಸ್‌ಟಿ ಮಾಡಿಸಿದ್ದರೆ ಸುಮ್ನೆ ಬಿಟ್ಟುಬಿಡಬೇಡಿ. ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕದ ದಂಡ ಬೆಳೆಯುತ್ತಲೇ ಹೋಗುತ್ತದೆ. ರದ್ದತಿಗೆ ಅರ್ಜಿ ಹಾಕಿ. ಕಾಂಪೋಸಿಷನ್ ಅಲ್ಲದ ಮಾಮೂಲಿ ನೋಂದಣಿ ಇದ್ದರೆ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಕೊಡಿ. ಯಂತ್ರ ಮಾರುವುದಾದರೆ ಮೊದಲು ಬ್ಯಾಂಕಿಗೆ ತಿಳಿಸಿ, ಸಾಲ ಇರುವ ಯಂತ್ರ ಬ್ಯಾಂಕಿಗೆ ಅಡವಿರುತ್ತದೆ. ಬಡಿಯುವವರ ಲೆಕ್ಕ ಚುಕ್ತಾ ಮಾಡಿ, ಉಳಿದ ಲೇಬಲ್ ಸುಟ್ಟುಹಾಕಿ, ಬೇರೆ ಯಾರೋ ನಿಮ್ಮ ನಂಬರಿನಲ್ಲಿ ಮಾಲು ಮಾರಬಾರದು.

ಇದೆಲ್ಲಕ್ಕಿಂತ ಮುಂಚೆ ಬಾಕಿ ವಸೂಲಿ ಮುಗಿಸಿ. ಮುಚ್ಚುತ್ತಿದ್ದೀರಿ ಅಂತ ಅಂಗಡಿಯವರಿಗೆ ಗೊತ್ತಾದರೆ ಒಬ್ಬರೂ ದುಡ್ಡು ಕೊಡುವುದಿಲ್ಲ, ಯಾಕೆಂದರೆ ಮುಂದಿನ ವಾರ ಮಾಲು ಬೇಕಾದವರು ಮಾತ್ರ ಹಳೆಯ ಬಾಕಿ ತೀರಿಸುತ್ತಾರೆ. ಹಾಗಾಗಿ ಕೊನೆಯ ತಿಂಗಳು ಎಲ್ಲರಿಗೂ ಎಂದಿನಂತೆ ಮಾಲು ಹಾಕಿ, ಆದರೆ ನಗದಿಗೆ ಮಾತ್ರ, ಹಳೆಯದು ಕೊಟ್ಟವರಿಗೆ ಮಾತ್ರ.